ಮಂಜರಾಬಾದಿನ ಕೋಟೆ ಮತ್ತು ಚಕಮಕಿಯ ಕೋವಿ

ಹಾಸನದಿಂದ ಮಂಗಳೂರಿನ ಕಡೆಗೆ ಹೊರಟ ಪ್ರಯಾಣಿಕನು ಆಲೂರು ಸೀಮೆಯ ತಗ್ಗುಗುಡ್ಡಗಳನ್ನು ಹಿಂದೆ ಬಿಟ್ಟು, ಸಕಲೇಶಪುರದಲ್ಲಿ ಹೇಮಾವತಿಯನ್ನು ದಾಟಿ, ಘಟ್ಟದ ಇಳಿಜಾರು ಮೊದಲಾಗುವುದಕ್ಕೆ ಮುಂಚೆ ದೋಣಿಗಾಲ್ ಎಂಬ ಹಳ್ಳಿಯ ಬಳಿ ತಲೆಯೆತ್ತಿ ನೋಡಿದರೆ, ರಸ್ತೆಯ ಮಗ್ಗುಲಲ್ಲಿ ಒಂದು ಗುಡ್ಡವನ್ನು ಕಾಣುತ್ತಾನೆ. ಅದರ ನೆತ್ತಿಯು ಸಮುದ್ರಮಟ್ಟದಿಂದ ಸುಮಾರು 3,240 ಅಡಿಗಳ ಎತ್ತರದಲ್ಲಿದೆ. ಆ ನೆತ್ತಿಯ ಮೇಲೆ ಒಂದು ಕೋಟೆಯಿದೆಯೆಂದು ಯಾರಾದರೂ ಹೇಳಿದ ಹೊರತು ಕೆಳಗಿನಿಂದ ಅದು ಸುಲಭವಾಗಿ ತಿಳಿಯುವಂತಿಲ್ಲ. ಚಿತ್ರದುರ್ಗದಂತೆ ಅದು ದೂರದಿಂದ ಬೆದರಿಸುವುದಿಲ್ಲ. ಶ್ರೀರಂಗಪಟ್ಟಣದಂತೆ ಹೊಳೆಯ ನಡುವೆ ಮೈಹರಡಿ ಮಲಗಿಯೂ ಇಲ್ಲ. ಗುಡ್ಡದ ತಲೆಯನ್ನು ಸಮಮಾಡಿ, ಅದಕ್ಕೊಂದು ತಗ್ಗಾದ ಕಲ್ಲಿನ ಕಿರೀಟವನ್ನು ಒತ್ತಿ ತೊಡಿಸಿದಂತಿದೆ. ಇದೇ ಮಂಜರಾಬಾದಿನ ಕೋಟೆ.

ಮಳೆಗಾಲವು ಹಿಂದೆಗೆಯುತ್ತಿದ್ದ ಒಂದು ಬೆಳಗ್ಗೆ ನಾವು ಕೆಲವು ವಿದ್ಯಾರ್ಥಿಗಳೊಡನೆ ಆ ಮೆಟ್ಟಿಲುಗಳನ್ನು ಹತ್ತಿದೆವು. ಬಾಗಿಲಿನ ಕಮಾನನ್ನು ಸೇರುವಷ್ಟರಲ್ಲಿ ಮಂಜು ಕವಿಯಿತು. ಹತ್ತು ಮಾರು ಮುಂದಿದ್ದ ಹುಡುಗರ ಮಾತು ಕೇಳುತ್ತಿತ್ತೇ ಹೊರತು ಅವರ ಆಕಾರ ಕಾಣುತ್ತಿರಲಿಲ್ಲ. ಗೋಡೆಯ ಮೇಲಿನ ಒಂದು ಬಂದೂಕಿನ ಕಿಂಡಿಗೆ ಕಣ್ಣಿಟ್ಟ ವಿದ್ಯಾರ್ಥಿಯೊಬ್ಬನು, “ಇಲ್ಲಿಂದ ಅವರು ಯಾರಿಗೆ ಗುರಿಯಿಡುತ್ತಿದ್ದರು?” ಎಂದು ಕೇಳಿದನು. ಕಿಂಡಿಯಾಚೆ ಬಿಳಿಯ ಮಂಜಲ್ಲದೆ ಬೇರೇನೂ ಇರಲಿಲ್ಲ. ಈ ಹೊತ್ತಿನ ನಮ್ಮ ಭಾಷಣವು ಆ ಹುಡುಗನ ಪ್ರಶ್ನೆಗೆ ಉತ್ತರವನ್ನು ಹುಡುಕುವ ಒಂದು ಪ್ರಯತ್ನವೆಂದು ಶ್ರೋತೃಗಳು ತಿಳಿಯಬೇಕು.

ಆಯುಧಗಳ ಚರಿತ್ರೆಯನ್ನು ಸಾಮಾನ್ಯವಾಗಿ ನಾವು ಶೌರ್ಯದ ಚರಿತ್ರೆಯೆಂದು ಓದುತ್ತೇವೆ. ಅದು ಅರ್ಧ ಮಾತ್ರ ನಿಜ. ಆಯುಧವೊಂದನ್ನು ಬಿಚ್ಚಿ, ಅದರ ಒಂದೊಂದು ಕೀಲು, ಒಂದೊಂದು ಮೂಲೆ ಏಕೆ ಹಾಗಿದೆಯೆಂದು ವಿಚಾರಿಸುತ್ತ ಹೋದರೆ, ಅಲ್ಲಿ ಶೌರ್ಯಕ್ಕಿಂತ ಹೆಚ್ಚಾಗಿ ಕಾಣಬರುವುದು ಭಯ. ಹಿಂದೊಮ್ಮೆ ಏನು ಕೈಕೊಟ್ಟಿತು, ಮುಂದೆ ಏನು ಕೈಕೊಡಬಹುದು, ಶತ್ರುವು ಯಾವ ಕಡೆಯಿಂದ ಬಂದಾನು ಎಂಬ ಚಿಂತೆಗಳೇ ಅಲ್ಲಿ ಕಲ್ಲಾಗಿಯೋ ಉಕ್ಕಾಗಿಯೋ ಗಟ್ಟಿಗೊಂಡಿರುತ್ತವೆ. ಕೋಟೆಗೂ ಇದೇ ಮಾತು ಸಲ್ಲುತ್ತದೆ. ಏಕೆಂದರೆ ಕೋಟೆಯೆಂಬುದು ನೆಲದಲ್ಲಿ ಊರಿದ ಆಯುಧವೇ ಆಗಿದೆ. ಮಂಜರಾಬಾದನ್ನು ಕಟ್ಟಿದವರು ಯಾವುದಕ್ಕೆ ಅಂಜಿದರು, ಯಾವುದಕ್ಕೆ ಅಂಜುವುದನ್ನು ಮರೆತರು ಎಂಬುದನ್ನು ಅದರ ಗೋಡೆಗಳಲ್ಲಿಯೇ ಓದಬಹುದು.

ಮೊದಲು ಕಾಲವನ್ನೂ ನೆಲವನ್ನೂ ಗೊತ್ತುಮಾಡಿಕೊಳ್ಳೋಣ. ಈ ಸೀಮೆಗೆ ಹಿಂದೆ ಬಲಂ ಎಂದು ಹೆಸರು. ಇಲ್ಲಿ ಐಗೂರಿನ ಪಾಳೆಯಗಾರರು ಆಳಿಕೊಂಡಿದ್ದರು. ಕಾಡು, ಗದ್ದೆಯ ಬಯಲು, ಬಿದಿರುಮೆಳೆ, ಏರು ಇಳಿವುಗಳಿಂದ ತುಂಬಿದ ಈ ನಾಡನ್ನು ಗೆದ್ದುಕೊಳ್ಳುವುದಕ್ಕಿಂತ ಗೆದ್ದಮೇಲೆ ಹಿಡಿದುಕೊಳ್ಳುವುದು ಕಷ್ಟವಾಗಿತ್ತು. ಮೈಸೂರಿನ ಅರಸುತನವು ಹೈದರಾಲಿಯ ಕೈಸೇರಿದ ಮೇಲೆ ಬಲಂ ನಾಯಕರು ಅವನಿಗೆ ಅಧೀನರಾದರು. ಆದರೆ ಅವರ ಮನಸ್ಸು ಅಧೀನವಾಗಿರಲಿಲ್ಲ. ಟಿಪ್ಪೂ ಸುಲ್ತಾನನಿಗೂ ಇಂಗ್ಲಿಷರಿಗೂ ನಡೆದ ಮೂರನೆಯ ಮೈಸೂರು ಯುದ್ಧದಲ್ಲಿ ಕೃಷ್ಣಪ್ಪ ನಾಯಕನು ಸುಲ್ತಾನನ ವೈರಿಗಳ ಪಕ್ಷವನ್ನು ಸೇರಿದನು. ಯುದ್ಧವು ಮುಗಿದ ಬಳಿಕ ಸುಲ್ತಾನನ ಕೋಪಕ್ಕೆ ಹೆದರಿ ಕೊಡಗಿಗೆ ಓಡಿಹೋದನು. ಸುಲ್ತಾನನು ಅವನನ್ನು ಹಿಂದಕ್ಕೆ ಕರೆಯಿಸಿ, ಐಗೂರು ಸೀಮೆಯನ್ನಷ್ಟೇ ಅವನಿಗೆ ಬಿಟ್ಟುಕೊಟ್ಟು, ಉಳಿದ ಭಾಗವನ್ನು ತನ್ನ ಆಡಳಿತಕ್ಕೆ ಸೇರಿಸಿಕೊಂಡನು.

ಆ ಯುದ್ಧದ ಕೊನೆಯಲ್ಲಿ, 1792ನೆಯ ಇಸವಿ ಮಾರ್ಚ್ ತಿಂಗಳಲ್ಲಿ, ಶ್ರೀರಂಗಪಟ್ಟಣದ ಒಪ್ಪಂದವಾಯಿತು. ಸುಲ್ತಾನನು ತನ್ನ ರಾಜ್ಯದ ಅರ್ಧವನ್ನು ಕಳೆದುಕೊಂಡನು. ಮಲಬಾರು ಹೋಯಿತು, ಕೊಡಗು ಕೈತಪ್ಪಿತು. ಆದರೆ ಮಂಗಳೂರು ಮತ್ತು ಕನ್ನಡ ಜಿಲ್ಲೆಯ ಕರಾವಳಿಯು 1799ರವರೆಗೂ ಅವನಲ್ಲಿಯೇ ಉಳಿಯಿತು. ನಕ್ಷೆಯನ್ನು ಎದುರಿಗಿಟ್ಟುಕೊಂಡರೆ ಈ ಸ್ಥಿತಿಯ ಇಕ್ಕಟ್ಟು ತಾನಾಗಿ ಗೋಚರಿಸುತ್ತದೆ. ರಾಜಧಾನಿಗೂ ಸಮುದ್ರಕ್ಕೂ ನಡುವೆ ಘಟ್ಟಗಳಿವೆ. ಘಟ್ಟದ ಒಂದು ಮಗ್ಗುಲಲ್ಲಿ ಕೊಡಗು ವೈರಿಯಾಗಿ ನಿಂತಿದೆ. ಬಲಂ ಕಾಡಿನ ಒಳಗೆ ಮುನಿದ ನಾಯಕನಿದ್ದಾನೆ. ಫ್ರೆಂಚರ ಹಡಗು ಎಂದಾದರೂ ಬಂದರೆ ಅದು ಬರಬೇಕಾದುದು ಮಂಗಳೂರಿನ ರೇವಿಗೆ. ಮಂಗಳೂರಿನಿಂದ ಮೇಲೇರುವ ದಾರಿಯು ಈ ಗುಡ್ಡದ ಬುಡದಲ್ಲಿ ಹಾದುಹೋಗುತ್ತದೆ. ಮಂಜರಾಬಾದಿನ ಕೋಟೆಯು ಪೂರ್ಣಗೊಂಡುದು ಅದೇ 1792ರಲ್ಲಿ.

ಇನ್ನು ಅದರ ರಚನೆಗೆ ಬರೋಣ. ನಮ್ಮ ಹಳೆಯ ಗಿರಿದುರ್ಗಗಳ ನಂಬಿಕೆಯೆಲ್ಲ ಎತ್ತರದ ಮೇಲೆ. ಆಲೂರು ಸೀಮೆಯ ಮಹಾರಾಜನದುರ್ಗದಂಥ ಕಡೆಗಳಲ್ಲಿ ಬೆಟ್ಟವೇ ಕೋಟೆ. ಗೋಡೆಯು ಬೆಟ್ಟಕ್ಕೆ ಕೂಡಿಸಿದ ಒಂದು ಅನುಬಂಧ. ಹತ್ತುವವನ ಮೇಲೆ ಕಲ್ಲುರುಳಿಸುವುದಕ್ಕೂ ಬಾಣ ಬಿಡುವುದಕ್ಕೂ ಎತ್ತರವು ಅನುಕೂಲವಾದುದು. ಆದರೆ ಫಿರಂಗಿಯು ಬಂದ ಮೇಲೆ ಎತ್ತರದ ಗೋಡೆಯೇ ದೊಡ್ಡ ಗುರಿಯಾಯಿತು. 1494ರಲ್ಲಿ ಫ್ರಾನ್ಸಿನ ದೊರೆ ಎಂಟನೆಯ ಚಾರ್ಲ್ಸನು ಹೊಸ ಬಗೆಯ ಫಿರಂಗಿಗಳನ್ನು ಎಳೆಸಿಕೊಂಡು ಇಟಲಿಗೆ ನುಗ್ಗಿದಾಗ, ಶತಮಾನಗಳ ಕಾಲ ನಿಂತಿದ್ದ ಎತ್ತರದ ಗೋಡೆಗಳು ಕೆಲವೇ ದಿನಗಳಲ್ಲಿ ಕುಸಿದುವು. ಆ ಹೆದರಿಕೆಯಿಂದ ಇಟಲಿಯ ವಾಸ್ತುವಿದರು ಗೋಡೆಯನ್ನು ತಗ್ಗಿಸಿದರು, ದಪ್ಪಗೊಳಿಸಿದರು, ದುಂಡು ಕೊತ್ತಳಗಳನ್ನು ಚೂಪಾದ ಮೂಲೆಗಳನ್ನಾಗಿ ಮಾರ್ಪಡಿಸಿದರು.

ಮೂಲೆಯು ಚೂಪಾಗಬೇಕಾದುದು ಅಂದಕ್ಕಾಗಿ ಅಲ್ಲ. ದುಂಡು ಕೊತ್ತಳದ ಬುಡದಲ್ಲಿ ಕಾವಲಿನವರ ಕಣ್ಣಿಗೂ ಗುಂಡಿಗೂ ಸಿಕ್ಕದ ಸ್ವಲ್ಪ ಜಾಗ ಉಳಿಯುತ್ತದೆ. ಶತ್ರುವು ಅಲ್ಲಿಯವರೆಗೆ ಓಡಿಬಂದು ಗೋಡೆಗೆ ಆತುಕೊಂಡರೆ ಸಾಕು, ಮೇಲಿನವರು ಅವನನ್ನು ಏನೂ ಮಾಡಲಾರರು. ಅವನು ನೆಮ್ಮದಿಯಾಗಿ ಸುರಂಗ ತೋಡಿ ಮದ್ದು ತುಂಬಬಹುದು. ಕೊತ್ತಳವನ್ನು ಬಾಣದ ಮೊನೆಯ ಹಾಗೆ ಚಾಚಿದರೆ ಈ ಕುರುಡು ನೆಲವು ಇಲ್ಲವಾಗುತ್ತದೆ. ಒಂದು ಮೊನೆಯ ಮಗ್ಗುಲನ್ನು ಪಕ್ಕದ ಮೊನೆಯಲ್ಲಿ ನಿಂತವನು ಕಾಯುತ್ತಾನೆ. ಅವನ ಮಗ್ಗುಲನ್ನು ಇವನು ಕಾಯುತ್ತಾನೆ. ಹೀಗೆ ಒಬ್ಬರ ಬೆನ್ನನ್ನು ಒಬ್ಬರು ಕಾಯುವ ಮೊನೆಗಳನ್ನು ಸುತ್ತಲೂ ಜೋಡಿಸಿದರೆ ನಕ್ಷತ್ರದ ಆಕಾರವು ಲೆಕ್ಕಾಚಾರದಿಂದ ತಾನಾಗಿಯೇ ಹುಟ್ಟುತ್ತದೆ. ಹದಿನೇಳನೆಯ ಶತಮಾನದಲ್ಲಿ ಫ್ರಾನ್ಸಿನ ಹದಿನಾಲ್ಕನೆಯ ಲೂಯಿಯ ಸೇನಾ ಎಂಜಿನಿಯರನಾಗಿದ್ದ ವೋಬಾನನು (1633–1707) ಈ ಲೆಕ್ಕವನ್ನು ಒಂದು ಶಾಸ್ತ್ರದ ಮಟ್ಟಕ್ಕೆ ಏರಿಸಿದನು. ಇಟಲಿಯ ಪಾಲ್ಮನೋವಾ ಒಂಬತ್ತು ಮೊನೆಗಳದು. ನಮ್ಮ ಮಂಜರಾಬಾದು ಎಂಟು ಮೊನೆಗಳದು.

ಹೊರಗೋಡೆಯು ಗಾರೆಯಿಂದ ಬೆಸೆದ ಕಗ್ಗಲ್ಲಿನದು. ಒಳಗಿನ ಕಟ್ಟಡಗಳು ಇಟ್ಟಿಗೆಯವು. ಸುತ್ತಲೂ ಕಂದಕವಿದೆ. ಗೋಡೆಯ ಉದ್ದಕ್ಕೂ ಬಂದೂಕಿನ ಕಿಂಡಿಗಳು, ಮೊನೆಗಳಲ್ಲಿ ಫಿರಂಗಿಗೆ ಎಡೆ. ನಡುವೆ ಶಿಲುಬೆಯಾಕಾರದ ಆಳವಾದ ಕೊಳ. ನಾಲ್ಕು ಕಡೆಯಿಂದ ಮೆಟ್ಟಿಲಿಳಿದು ನೀರನ್ನು ಮುಟ್ಟಬಹುದು. ಅದರ ಸಮೀಪದಲ್ಲಿ ಕಮಾನಿನ ಚಾವಣಿಯುಳ್ಳ ಎರಡು ಮದ್ದಿನ ಮನೆಗಳು. ಈ ಕೋಟೆಯಿಂದ ಶ್ರೀರಂಗಪಟ್ಟಣಕ್ಕೆ ಸುರಂಗವಿತ್ತೆಂದು ಜನರು ಹೇಳುವುದುಂಟು. ಅಷ್ಟು ದೂರದ ಊರಿಗೆ ಹೊಳೆ ಬೆಟ್ಟಗಳ ಕೆಳಗೆ ಸುರಂಗವನ್ನು ತೋಡಬಲ್ಲ ದೊರೆಗೆ ಕೋಟೆಯ ಅಗತ್ಯವೇ ಇರುತ್ತಿರಲಿಲ್ಲವಷ್ಟೆ!

ಈ ನಕ್ಷತ್ರವನ್ನು ಇಂದು ನಾವು ಆಕಾಶದಿಂದ ತೆಗೆದ ಛಾಯಾಚಿತ್ರಗಳಲ್ಲಿ ನೋಡಿ ಬೆರಗಾಗುತ್ತೇವೆ. ಕಟ್ಟಿಸಿದವನಿಗಾಗಲಿ, ಕಟ್ಟಿದವರಿಗಾಗಲಿ, ಅದರಲ್ಲಿ ಕಾವಲಿದ್ದವರಿಗಾಗಲಿ ಆ ನೋಟವು ಲಭ್ಯವಿರಲಿಲ್ಲವೆಂಬುದನ್ನು ನೆನೆಯಬೇಕು. ಅವರಿಗೆ ಅದು ಕಾಗದದ ಮೇಲಿನ ಗೆರೆ, ಕಾಲಕೆಳಗಿನ ಗೋಡೆ, ಕಣ್ಣೆದುರಿಗಿನ ಕಿಂಡಿ. ಆ ಗೆರೆಗಳನ್ನು ಅಳೆಯುವ ಕೋಲು ಯಾವುದು? ಮೊನೆಗೂ ಮೊನೆಗೂ ನಡುವಣ ದೂರವನ್ನು ಗೊತ್ತುಮಾಡಿದುದು ಯಾವುದು? ಅದು ಸಿಪಾಯಿಯ ಕೈಯಲ್ಲಿದ್ದ ಚಕಮಕಿಯ ಕೋವಿ. ಅದರ ಗುಂಡು ಎಷ್ಟು ದೂರ ನೆಚ್ಚಿಗೆಯಿಂದ ಹೋಗುವುದೋ ಅದಕ್ಕಿಂತ ಪಕ್ಕದ ಮೊನೆ ದೂರವಿರಬಾರದು. ಆದಕಾರಣ ಕೋಟೆಯನ್ನು ತಿಳಿಯಬೇಕಾದರೆ ಕೋವಿಯನ್ನು ತಿಳಿಯಬೇಕು.

ಚಕಮಕಿಯ ಕೋವಿಯ ಹೃದಯವು ಅದರ ಮಗ್ಗುಲಿಗೆ ಬಿಗಿದ ಬೀಗದಂಥ ಒಂದು ಯಂತ್ರದಲ್ಲಿರುತ್ತದೆ. ನಮ್ಮವರು ಕುದುರೆಯೆಂದು ಕರೆಯುವ ಒಂದು ಬಾಗಿದ ಕೈ. ಅದರ ದವಡೆಯಲ್ಲಿ ತೊಗಲಿನ ತುಣುಕಿನಲ್ಲಿ ಸುತ್ತಿ ಬಿಗಿದ ಚಕಮಕಿಯ ಕಲ್ಲು. ಅದರೆದುರಿಗೆ ಉಕ್ಕಿನ ಒಂದು ಮುಚ್ಚಳ. ಮುಚ್ಚಳದಡಿ ಒಂದು ಪುಟ್ಟ ಬಟ್ಟಲು, ಬಟ್ಟಲಿನಲ್ಲಿ ರಂಜಕವೆಂಬ ನುಣ್ಣನೆಯ ಮದ್ದು. ಬಟ್ಟಲಿನಿಂದ ನಳಿಗೆಯ ಒಳಕ್ಕೆ ಸೂಜಿಯ ಗಾತ್ರದ ಒಂದು ತೂತು. ಕೀಲನ್ನು ಎಳೆದೊಡನೆ ಕುದುರೆಯು ಮುಂದಕ್ಕೆ ಹಾರಿ ಕಲ್ಲು ಉಕ್ಕನ್ನು ಉಜ್ಜುತ್ತದೆ. ಆ ಪೆಟ್ಟಿಗೇ ಮುಚ್ಚಳ ತೆರೆದು ಕಿಡಿಗಳು ಬಟ್ಟಲಿಗೆ ಉದುರುತ್ತವೆ. ರಂಜಕವು ಭುಗಿಲ್ಲೆಂದು ಆ ಉರಿಯು ತೂತಿನ ಮೂಲಕ ಒಳಗಿನ ದೊಡ್ಡ ಮದ್ದಿಗೆ ತಾಗುತ್ತದೆ. ಇಷ್ಟೆಲ್ಲ ನಡೆಯುವುದು ರೆಪ್ಪೆ ಬಡಿಯುವಷ್ಟರಲ್ಲಿ. ಅದಕ್ಕಿಂತ ಹಿಂದಿನ ಬತ್ತಿಯ ಕೋವಿಯಲ್ಲಿ ಸಿಪಾಯಿಯು ಉರಿಯುವ ಬತ್ತಿಯನ್ನು ಸದಾ ಕೈಯಲ್ಲಿ ಹಿಡಿದುಕೊಂಡೇ ಇರಬೇಕಾಗಿತ್ತು. ಕತ್ತಲಲ್ಲಿ ಆ ಕೆಂಡವೇ ಅವನನ್ನು ಶತ್ರುವಿಗೆ ತೋರಿಸಿಕೊಡುತ್ತಿತ್ತು. ಚಕಮಕಿಯು ಆ ಭಯವನ್ನು ಕಳೆಯಿತು.

ಇಂಗ್ಲಿಷ್ ಸಿಪಾಯಿಯ ಕೋವಿಯ ನಳಿಗೆಯು ಮುಕ್ಕಾಲು ಅಂಗುಲದ ಬಾಯಿಯದು. ಒಳಮೈ ನುಣುಪಾಗಿದ್ದುದರಿಂದ ಗುಂಡು ತಿರುಗದೆ, ತಡವರಿಸಿಕೊಂಡು ಹೊರಬೀಳುತ್ತಿತ್ತು. ಎಂಬತ್ತು ನೂರು ಗಜಗಳಾಚೆ ಒಬ್ಬ ಮನುಷ್ಯನನ್ನು ಗುರಿಯಿಟ್ಟು ಹೊಡೆಯುವೆನೆಂಬುದು ಬರಿಯ ಆಸೆ. ಪಳಗಿದವನು ನಿಮಿಷಕ್ಕೆ ಮೂರು ಸಲ ಹಾರಿಸಬಲ್ಲನು. ಆದುದರಿಂದಲೇ ಆ ಕಾಲದ ಸೈನ್ಯಗಳು ಸಾಲಾಗಿ ನಿಂತು ಒಟ್ಟಿಗೆ ಹಾರಿಸಿದುವು. ಆದುದರಿಂದಲೇ ಕೋಟೆಯ ಮೊನೆಗಳು ಒಂದಕ್ಕೊಂದು ಹತ್ತಿರವಾಗಿ ನಿಂತುವು.

ಈ ಕೋವಿಯ ವಿಷಯದಲ್ಲಿ ಮೈಸೂರು ಯಾರ ಹಿಂದೆಯೂ ಉಳಿದಿರಲಿಲ್ಲವೆಂದು ಹೇಳಲು ನಮಗೆ ಅಧಿಕಾರವುಂಟು. ಸುಲ್ತಾನನ ರಾಯಭಾರಿಗಳು ಮೂವರು 1788ನೆಯ ಆಗಸ್ಟ್ 10ರಂದು ವರ್ಸೇಲ್ಸಿನಲ್ಲಿ ಹದಿನಾರನೆಯ ಲೂಯಿ ದೊರೆಯನ್ನು ಕಂಡರು. ಕೇಳಿದುದು ಸೈನ್ಯವನ್ನು, ದೊರೆತುದು ಕುಶಲಕರ್ಮಿಗಳು. ಆದರೆ ಮೈಸೂರಿನ ಕಮ್ಮಾರರು ಅವರ ಬರವಿಗಾಗಿ ಕಾದು ಕುಳಿತವರಲ್ಲ. ಶ್ರೀರಂಗಪಟ್ಟಣ, ಬೆಂಗಳೂರು, ಚಿತ್ರದುರ್ಗ, ನಗರ ಈ ಸ್ಥಳಗಳಲ್ಲಿ ತಾರಾಮಂಡಲವೆಂಬ ಹೆಸರಿನ ಆಯುಧಶಾಲೆಗಳಿದ್ದುವು. ಬೆಂಗಳೂರಿನ ತಾರಾಮಂಡಲಪೇಟೆಯು ಇಂದಿಗೂ ಆ ಹೆಸರನ್ನು ಉಳಿಸಿಕೊಂಡಿದೆ. ಕಬ್ಬಿಣದ ಕೊಳವೆಯ ಮೈಸೂರು ರಾಕೆಟ್ಟಿನ ಕೀರ್ತಿಯನ್ನು ಎಲ್ಲರೂ ಬಲ್ಲರು. ಕೋವಿಗಳ ಕೆಲಸವು ಅಷ್ಟು ಪ್ರಸಿದ್ಧವಾಗಿಲ್ಲ.

ಸುಲ್ತಾನನ ಸ್ವಂತ ಬಳಕೆಗಾಗಿ ಮಾಡಿದ ಚಕಮಕಿ ಕೋವಿಗಳು ಮತ್ತು ಪಿಸ್ತೂಲುಗಳು 1799ರ ಲೂಟಿಯಲ್ಲಿ ಇಂಗ್ಲೆಂಡನ್ನು ಸೇರಿದುವು. ವಿಂಡ್ಸರಿನ ಅರಮನೆಯಲ್ಲಿಯೂ ಖಾಸಗಿ ಸಂಗ್ರಹಗಳಲ್ಲಿಯೂ ಅವು ಉಳಿದುಬಂದಿವೆ. ಅವುಗಳ ಯಂತ್ರದ ಮಾದರಿ ಯೂರೋಪಿನದು. ಆದರೆ ಮೈಯ ಮೇಲಿನ ಮಾತೆಲ್ಲ ಮೈಸೂರಿನದು. ನಳಿಗೆಯ ಮೇಲೆ ಹುಲಿಯ ಪಟ್ಟೆ, ಯಂತ್ರದ ತಗಡಿನ ಮೇಲೆ ಹುಲಿಯ ಮುಖ, ಬೆಳ್ಳಿಯ ಕೆತ್ತನೆ. ಸುಲ್ತಾನನು ತಾನೇ ಜಾರಿಗೆ ತಂದ ಮೌಲೂದಿ ಶಕೆಯ ವರ್ಷ, ಮಾಡಿದ ಸ್ಥಳ ಮತ್ತು ಕೆಲವೆಡೆ ಮಾಡಿದ ಕುಶಲಿಯ ಹೆಸರು ಸಹ ಅಲ್ಲಿವೆ. ಪಿಸ್ತೂಲುಗಳ ಒಂದು ವಿಶೇಷವನ್ನು ಇಲ್ಲಿ ಹೇಳಲೇಬೇಕು. ಯೂರೋಪಿನಲ್ಲಿ ಪಿಸ್ತೂಲುಗಳನ್ನು ಜೋಡಿಯಾಗಿ ಮಾಡುವಾಗ ಎರಡಕ್ಕೂ ಯಂತ್ರವನ್ನು ಬಲಮಗ್ಗುಲಿಗೇ ಬಿಗಿಯುವುದು ರೂಢಿ. ಸುಲ್ತಾನನ ಜೋಡಿಗಳಲ್ಲಿ ಒಂದಕ್ಕೆ ಬಲಗಡೆ, ಇನ್ನೊಂದಕ್ಕೆ ಎಡಗಡೆ ಯಂತ್ರವಿಟ್ಟವು ಉಂಟು. ಕನ್ನಡಿಯೊಳಗಿನ ಪ್ರತಿಬಿಂಬದಂತೆ ಒಂದಕ್ಕೊಂದು ಎದುರಾಗಿವೆ. ಎರಡು ಕೈಗೂ ಒಂದೊಂದು ಎಂಬ ಯೋಚನೆ ಅಲ್ಲಿ ಸ್ಪಷ್ಟವಾಗಿ ಕಾಣುತ್ತದೆ. ಎಡಗೈಯ ಯಂತ್ರಕ್ಕೆ ಪ್ರತಿಯೊಂದು ಕೀಲನ್ನೂ ಮಗ್ಗುಲು ಬದಲಿಸಿ ಹೊಸದಾಗಿ ಮಾಡಬೇಕು. ಬರಿಯ ಅನುಕರಣೆ ಮಾಡುವ ಕಮ್ಮಾರನ ಕೈಯಿಂದ ಆಗುವ ಕೆಲಸ ಇದಲ್ಲ. ಯಂತ್ರದ ತತ್ತ್ವವನ್ನು ಅರಿತವನೇ ಅದನ್ನು ತಿರುಗಿಸಿ ಮಾಡಬಲ್ಲನು.

ಹೀಗೆ ಕೋಟೆಯೂ ಕೋವಿಯೂ ತಮ್ಮ ಕಾಲದ ಅತ್ಯುತ್ತಮ ತಿಳಿವಳಿಕೆಯ ಫಲಗಳಾಗಿದ್ದುವು. ಆದರೆ ಇವೆರಡೂ ಕೂಡಿದ ಗುಡ್ಡವು ಯಾವುದು? ಸುಲ್ತಾನನು ಬಂದು ನೋಡಿದಾಗ ಗುಡ್ಡವೆಲ್ಲ ಮಂಜಿನಲ್ಲಿ ಮುಳುಗಿತ್ತಂತೆ. ಅದರಿಂದಲೇ ಮಂಜರಾಬಾದೆಂಬ ಹೆಸರು ಬಂದಿತೆಂದು ಪ್ರತೀತಿ. ಇದನ್ನು ಕೇಳಿ ಕವಿಗಳು ಸಂತೋಷಪಡಬಹುದು. ಮದ್ದಿನ ಮನೆಯ ಜವಾನನು ಸಂತೋಷಪಡಲಾರನು. ಮದ್ದಿನಲ್ಲಿ ನೂರಕ್ಕೆ ಎಪ್ಪತ್ತೈದು ಪಾಲು ಪೆಟ್ಲುಪ್ಪು, ಉಳಿದುದು ಇದ್ದಲು ಮತ್ತು ಗಂಧಕ. ಪೆಟ್ಲುಪ್ಪು ಸಂಪೂರ್ಣ ಶುದ್ಧವಾಗಿಲ್ಲದಿದ್ದರೆ ಗಾಳಿಯ ತೇವವನ್ನು ಹೀರಿಕೊಳ್ಳುತ್ತದೆ. ಘಟ್ಟದ ಮೇಲೆ ಜೂನ್ ತಿಂಗಳಲ್ಲಿ ಮೊದಲಾದ ಮಳೆ ಸೆಪ್ಟೆಂಬರಿನವರೆಗೆ ಬಿಡುವುದಿಲ್ಲ. ಅಲ್ಲಿ ಮೆಟ್ಟುವ ಚರ್ಮವೂ ಉಡುವ ಬಟ್ಟೆಯೂ ಬೂಸರು ಹಿಡಿಯುತ್ತವೆ. ಬಟ್ಟಲಿನಲ್ಲಿಟ್ಟ ರಂಜಕವು ನೆನೆದರೆ ಕಿಡಿ ಬಿದ್ದೂ ಉರಿಯದು; ಉರಿದರೂ ಒಳಗಿನ ಮದ್ದಿಗೆ ಬೆಂಕಿ ತಾಗದು. ಸಿಪಾಯಿಗಳು ಯಂತ್ರಕ್ಕೆ ತೊಗಲನ್ನು ಸುತ್ತುವುದು, ಬಟ್ಟಲಿನ ಅಂಚಿಗೆ ಮೇಣವನ್ನೋ ಕೊಬ್ಬನ್ನೋ ಬಳಿಯುವುದು ಎಲ್ಲ ದೇಶಗಳಲ್ಲಿಯೂ ಇತ್ತು. ಆದರೆ ಎಂಟು ಮೊನೆಗಳ ಲೆಕ್ಕವೆಲ್ಲವೂ ನಿಂತಿರುವುದು ಎರಡು ಊಹೆಗಳ ಮೇಲೆ: ಮೊದಲನೆಯದು, ಕೋವಿ ಹಾರುತ್ತದೆ; ಎರಡನೆಯದು, ಹಾರಿಸುವವನಿಗೆ ನೂರು ಗಜ ಕಾಣುತ್ತದೆ. ವರ್ಷದ ನಾಲ್ಕು ತಿಂಗಳು ಈ ಗುಡ್ಡದ ಮೇಲೆ ಎರಡೂ ಅನುಮಾನದ ಮಾತು. ವೋಬಾನನ ಶಾಸ್ತ್ರವು ಫ್ಲಾಂಡರ್ಸಿನ ಬಯಲಿನಲ್ಲಿ ಬೆಳೆದದ್ದು. ಅದಕ್ಕೆ ಮಲೆನಾಡಿನ ಆಷಾಢವು ಗೊತ್ತಿರಲಿಲ್ಲ.

ಗೊತ್ತಿಲ್ಲದ ಇನ್ನೊಂದು ಸಂಗತಿಯೂ ಇತ್ತು; ಅದು ಮಂಜಿಗಿಂತಲೂ ದೊಡ್ಡದು. ನಕ್ಷತ್ರದ ಕೋಟೆಯು ಒಂದು ನಿರ್ದಿಷ್ಟ ಬಗೆಯ ಶತ್ರುವನ್ನು ನಿರೀಕ್ಷಿಸುತ್ತದೆ. ಅವನು ಫಿರಂಗಿಯನ್ನು ಎಳೆದುಕೊಂಡು ಬರಬೇಕು, ಬಿಡಾರ ಹೂಡಬೇಕು, ಮುತ್ತಿಗೆ ಹಾಕಬೇಕು. 1799ನೆಯ ಮೇ 4ರಂದು ಶ್ರೀರಂಗಪಟ್ಟಣವು ಬಿದ್ದಿತು. ಸುಲ್ತಾನನು ಕೋಟೆಯ ಬಾಗಿಲಲ್ಲಿ ಹೋರಾಡುತ್ತ ಮಡಿದನು. ಅಲ್ಲಿದ್ದ ಒಂಬೈನೂರಕ್ಕೂ ಹೆಚ್ಚಿನ ಫಿರಂಗಿಗಳು ಗೆದ್ದವರ ಪಾಲಾದುವು. ರಾಜಧಾನಿಯ ಗೋಡೆಯೇ ಒಡೆದ ಮೇಲೆ ಘಟ್ಟದ ಕೋಟೆಯನ್ನು ಮುತ್ತುವ ಅವಶ್ಯಕತೆ ಯಾರಿಗೂ ಉಳಿಯಲಿಲ್ಲ. ಆದರೆ ಈ ಸೀಮೆಯ ಯುದ್ಧವು ಅಲ್ಲಿಗೆ ಮುಗಿಯಲಿಲ್ಲ. ಒಂದು ರೀತಿಯಲ್ಲಿ ಅಲ್ಲಿಂದಲೇ ಮೊದಲಾಯಿತು.

ಕೃಷ್ಣಪ್ಪ ನಾಯಕನ ಮಗ ವೆಂಕಟಾದ್ರಿ ನಾಯಕನು ಸುಲ್ತಾನನಿಗೆ ಬಗ್ಗಿದ ತಲೆಯನ್ನು ಹೊಸ ಒಡೆಯರಿಗೆ ಬಗ್ಗಿಸಲು ಒಪ್ಪಲಿಲ್ಲ. ಘಟ್ಟದ ದಾರಿಯನ್ನು ತಡೆದನು. ಅವನ ಬಲವು ಎಂಟು ಮೊನೆಗಳ ಕಲ್ಲುಕೋಟೆಯಲ್ಲಿರಲಿಲ್ಲ. ಅರೆಕೆರೆಯ ಕಾಡಿನಲ್ಲಿ ಅವನು ಹಳ್ಳಿಗಳ ಸುತ್ತಲೂ ಬೆಳೆದ ಬಿದಿರುಮೆಳೆ ಮುಳ್ಳುಬೇಲಿಗಳನ್ನೇ ಗೋಡೆಯನ್ನಾಗಿ ಮಾಡಿಕೊಂಡು, ಅಗಳನ್ನು ತೋಡಿ ನಿಂತನು. ಈ ಬೇಲಿಯನ್ನು ಫಿರಂಗಿಯು ಒಡೆಯಲಾರದು. ಗುಂಡು ಒಳಹೊಕ್ಕು ಹಾಗೆಯೇ ಹೊರಬೀಳುತ್ತದೆ, ಬಿದಿರು ಬಾಗಿ ಮತ್ತೆ ನಿಲ್ಲುತ್ತದೆ. ಅಲ್ಲಿ ನೂರು ಗಜದ ನೋಟವೇ ಇಲ್ಲ. ಇದ್ದರೆ ಹತ್ತು ಗಜ. ಹತ್ತು ಗಜಕ್ಕೆ ಹಳೆಯ ಬತ್ತಿಯ ಕೋವಿಯೂ ಹೊಸ ಚಕಮಕಿಯ ಕೋವಿಯೂ ಒಂದೇ. ವೋಬಾನನ ಹೆಸರನ್ನು ಕೇಳದ ಈ ಜನರು ತಮ್ಮ ನೆಲಕ್ಕೆ ಹೊಂದುವ ಕೋಟೆಯನ್ನು ನೆಲದಿಂದಲೇ ಬೆಳೆಸಿಕೊಂಡಿದ್ದರು.

1802ನೆಯ ಜನವರಿ 16ರಂದು ಕರ್ನಲ್ ಆರ್ಥರ್ ವೆಲ್ಲೆಸ್ಲಿಯು ಅರೆಕೆರೆಯ ಮೇಲೆ ಬಿದ್ದನು. ಮುಂದೆ 1815ರಲ್ಲಿ ವಾಟರ್ಲೂ ಬಯಲಿನಲ್ಲಿ ನೆಪೋಲಿಯನ್ನನನ್ನು ಸೋಲಿಸಿದ ಡ್ಯೂಕ್ ಆಫ್ ವೆಲ್ಲಿಂಗ್ಟನ್ ಇವನೇ. ಅವನು ಆರಿಸಿದ ಕಾಲವನ್ನು ಗಮನಿಸಬೇಕು. ಅದು ಜನವರಿ, ಮಳೆ ಹೋಗಿ ನೆಲ ಒಣಗಿದೆ, ಮದ್ದು ಗರಿಗರಿಯಾಗಿದೆ. ಸೈನ್ಯವನ್ನು ಮೂರು ಪಾಲು ಮಾಡಿ ಮೂರು ಕಡೆಯಿಂದ ನುಗ್ಗಿಸಿದನು. ಕಾಡು ಕೈವಶವಾದ ಮೇಲೂ ಅವನು ಹಿಂದಿರುಗಲಿಲ್ಲ. ಹಳ್ಳಿಗಳ ಬೇಲಿಗಳನ್ನು ಕಡಿಯಿಸಿದನು, ಅಗಳುಗಳನ್ನು ಮುಚ್ಚಿಸಿದನು, ಕಾಡನ್ನು ಸೀಳಿ ರಸ್ತೆಗಳನ್ನು ಮಾಡಿಸಿದನು. ಬಲಂ ಸೀಮೆಯನ್ನು ಕೊನೆಗೆ ಗೆದ್ದ ಆಯುಧವು ಫಿರಂಗಿಯಲ್ಲ, ಕೋವಿಯೂ ಅಲ್ಲ, ಅದು ಕೊಡಲಿ. ಫೆಬ್ರವರಿಯಲ್ಲಿ ವೆಂಕಟಾದ್ರಿ ನಾಯಕನು ಸೆರೆಸಿಕ್ಕಿದನು. ವಿಚಾರಣೆಗೆ ಹೆಚ್ಚು ಹೊತ್ತು ಹಿಡಿಯಲಿಲ್ಲ. ಮರುದಿನವೇ ಅವನನ್ನೂ ಅವನ ಸಂಗಡಿಗರು ಕೆಲವರನ್ನೂ ಗಲ್ಲಿಗೇರಿಸಿದರು.

ಇಲ್ಲಿ ಶ್ರೋತೃಗಳು ಒಂದು ಸಂದೇಹವನ್ನು ಎತ್ತಬಹುದು. ಮಂಜು ಮಳೆಗಳಿಗೆ ಸೋತ ಚಕಮಕಿಯ ಕಥೆಯು ಹೇಗೆ ಮುಗಿಯಿತು? ಅದಕ್ಕೆ ಮದ್ದನ್ನು ಕಂಡುಹಿಡಿದವನು ಸೇನಾಪತಿಯಲ್ಲ, ಸ್ಕಾಟ್ಲೆಂಡಿನ ಬೆಲ್ಹೆಲ್ವಿ ಎಂಬ ಹಳ್ಳಿಯ ಪಾದ್ರಿ ಅಲೆಗ್ಸಾಂಡರ್ ಫಾರ್ಸೈತ್. ಅವನಿಗೆ ನೀರುಹಕ್ಕಿಗಳ ಬೇಟೆಯ ಹುಚ್ಚು. ರಂಜಕವು ಭುಗಿಲೆಂದೊಡನೆಯೇ ಹಕ್ಕಿಗಳು ಎಚ್ಚೆತ್ತು ಗುಂಡು ತಾಗುವುದಕ್ಕೆ ಮುಂಚೆ ಹಾರಿಹೋಗುತ್ತಿದ್ದುವು. ಪೆಟ್ಟಿನಿಂದಲೇ ಸಿಡಿಯುವ ಒಂದು ರಾಸಾಯನಿಕವನ್ನು ಬಟ್ಟಲಿನ ಮದ್ದಿಗೆ ಬದಲಾಗಿ ಬಳಸುವ ಯಂತ್ರಕ್ಕೆ ಅವನು 1807ರಲ್ಲಿ ಹಕ್ಕುಪತ್ರವನ್ನು ಪಡೆದನು. ಅದರ ಸಂತತಿಯೇ ಮುಂದಿನ ತಾಮ್ರದ ಕೇಪು. ಇದರಿಂದ ಕೋವಿಗೆ ಮಳೆಯ ಭಯವು ಬಹುಮಟ್ಟಿಗೆ ತಪ್ಪಿತು. ಗುಂಡು, ಮದ್ದು, ಕೇಪು ಮೂರನ್ನೂ ಲೋಹದ ಒಂದೇ ತೋಟೆಯೊಳಗೆ ಅಡಗಿಸಿದ ಮೇಲೆ ಅದು ಪೂರ್ತಿಯಾಗಿ ಕಳೆಯಿತು.

ಹಾಗೆಂದು ಆಯುಧದಲ್ಲಿ ಭಯವನ್ನು ಓದುವ ನಮ್ಮ ಪದ್ಧತಿಯು ಚಕಮಕಿಯೊಂದಿಗೆ ಹಳತಾಗಲಿಲ್ಲ. ಒಂದು ಗುಂಡು ಹಾರಿದ ರಭಸದಿಂದಲೇ ಮುಂದಿನ ಗುಂಡನ್ನು ತಾನಾಗಿ ತುಂಬಿಕೊಳ್ಳುವ ಅರೆಸ್ವಯಂಚಾಲಿತ ಪಿಸ್ತೂಲಿನ ವಿಷಯವನ್ನೇ ನೋಡೋಣ. ಅವುಗಳಲ್ಲಿ ಬಹು ಪ್ರಸಿದ್ಧವಾದುದು ಅಮೆರಿಕದ ಜಾನ್ ಬ್ರೌನಿಂಗನು (1855–1926) ರಚಿಸಿ, ಕೋಲ್ಟ್ ಕಾರ್ಖಾನೆಯು ತಯಾರಿಸಿದ 1911ರ ಮಾದರಿ. ಅದು ಒಂದೇ ಏಟಿಗೆ ಹುಟ್ಟಿದುದಲ್ಲ. 1900ರ ಮೊದಲ ಮಾದರಿಯಲ್ಲಿ ನಳಿಗೆಯನ್ನು ಮುಂದೊಂದು ಹಿಂದೊಂದು, ಹೀಗೆ ಎರಡು ಕೊಂಡಿಗಳು ಹಿಡಿದಿದ್ದುವು. ಮೇಲಿನ ಜಾರುವ ಭಾಗವನ್ನು ತಡೆದಿದ್ದುದು ಅಡ್ಡಲಾಗಿ ಹಾಕಿದ ಒಂದೇ ಬೆಣೆ. ಅದು ಮುರಿದರೆ ಆ ಭಾಗವು ಹಾರಿಸಿದವನ ಮುಖಕ್ಕೇ ಬಂದು ಬಡಿಯುವ ಅಪಾಯವಿತ್ತು. ಹಿಂದಿನ ಗುರಿಗುಬುಟನ್ನು ಕೆಳಕ್ಕೆ ಒತ್ತಿದರೆ ಅದೇ ಕುದುರೆಯ ಪೆಟ್ಟನ್ನು ತಡೆಯುವಂತೆ ಒಂದು ಉಪಾಯವಿತ್ತು. ಅದು ಬಹುಕಾಲ ನಿಲ್ಲಲಿಲ್ಲ. ತರುವಾಯದ ಮಾದರಿಗಳಲ್ಲಿ ಮುಂದಿನ ಕೊಂಡಿಯು ಹೋಗಿ ಹಿಂದಿನದೊಂದೇ ಉಳಿಯಿತು. ಹಿಡಿಯು ಹೆಚ್ಚು ಓರೆಯಾಯಿತು. ಹಿಡಿಯನ್ನು ಬಿಗಿಯಾಗಿ ಅಮುಕಿದ ಹೊರತು ಗುಂಡು ಹಾರದಂತೆ ಒಂದು ತಡೆ ಬಂದಿತು. ಕುದುರೆಸವಾರನು ಒಂದು ಕೈಯಲ್ಲಿ ಲಗಾಮು ಹಿಡಿದಿರುವಾಗ ಇನ್ನೊಂದೇ ಕೈಯಿಂದ ಪಿಸ್ತೂಲನ್ನು ನಿರಪಾಯ ಮಾಡಿಕೊಳ್ಳಬೇಕೆಂದು ಅಶ್ವದಳದವರು ಕೇಳಿದುದರಿಂದ 1910ರಲ್ಲಿ ಹೆಬ್ಬೆರಳಿನ ತಡೆಯನ್ನೂ ಸೇರಿಸಿದರು. 1911ರ ಮಾರ್ಚಿನಲ್ಲಿ ಪರೀಕ್ಷಿಸಿದಾಗ ಅದು ಆರು ಸಾವಿರ ಗುಂಡುಗಳನ್ನು ತಡವರಿಸದೆ ಹಾರಿಸಿತು. ಕಾದು ಕೆಂಪೇರಿದಾಗ ಅದನ್ನು ಬಕೆಟ್ಟಿನ ನೀರಿನಲ್ಲಿ ಅದ್ದಿ ತೆಗೆದು ಮತ್ತೆ ಹಾರಿಸಿದರೆಂದು ಹೇಳುತ್ತಾರೆ. ಒಂದು ಹನಿ ಮಂಜಿಗೆ ಮೂಕವಾಗುತ್ತಿದ್ದ ಚಕಮಕಿಯ ವಂಶದಲ್ಲಿ ಇಂಥದೊಂದು ಹುಟ್ಟಿತು! 1985ರವರೆಗೂ ಅಮೆರಿಕದ ಸೈನ್ಯವು ಅದನ್ನೇ ತನ್ನ ಮುಖ್ಯ ಪಿಸ್ತೂಲನ್ನಾಗಿ ಇಟ್ಟುಕೊಂಡಿತು.

ಆದರೆ ಅದರ ಗುಂಡು ಅಷ್ಟು ದಪ್ಪವಾದುದೇಕೆ? 1900ರ ಮಾದರಿಯ ಗುಂಡು ಸಣ್ಣದಾಗಿತ್ತು. ಆ ಕಾಲದಲ್ಲಿ ಅಮೆರಿಕನ್ನರು ಫಿಲಿಪೈನ್ಸ್ ದ್ವೀಪಗಳನ್ನು ಹೊಸದಾಗಿ ವಶಪಡಿಸಿಕೊಂಡು, ಅಲ್ಲಿನ ಮೋರೋ ಜನರೊಡನೆ ಕಾಡಿನಲ್ಲಿ ಹೋರಾಡುತ್ತಿದ್ದರು. ಮರೆಯಿಂದ ಕತ್ತಿ ಹಿರಿದು ನುಗ್ಗಿಬರುವ ಮೋರೋ ಯೋಧನನ್ನು ಸಣ್ಣ ಗುಂಡು ನಿಲ್ಲಿಸುತ್ತಿಲ್ಲವೆಂದು ದೂರುಗಳು ಬಂದುವು. 1904ರಲ್ಲಿ ನಡೆದ ಪರೀಕ್ಷೆಗಳ ಮೇಲೆ, ಒಂದು ಅಂಗುಲದ ನೂರರಲ್ಲಿ ನಲವತ್ತೈದು ಪಾಲಿಗಿಂತ ಗುಂಡು ಸಣ್ಣದಾಗಿರಬಾರದೆಂದು ತೀರ್ಮಾನವಾಯಿತು. ಜಗತ್ಪ್ರಸಿದ್ಧವಾದ ಆ ಪಿಸ್ತೂಲಿನ ನಳಿಗೆಯ ಅಗಲವನ್ನು ಗೊತ್ತುಮಾಡಿದುದು ತನ್ನ ಕಾಡನ್ನು ಬಿಟ್ಟುಕೊಡದ ಒಂದು ಜನಾಂಗದ ಭಯ. ಮಂಜರಾಬಾದಿನ ಕಿಂಡಿಯಲ್ಲಿಯೂ, ಕೋಲ್ಟಿನ ನಳಿಗೆಯಲ್ಲಿಯೂ ಆಳುವವನು ನೆಲದ ಜನರನ್ನು ಹೇಗೆ ಕಂಡನೆಂಬುದು ಬರೆದಿದೆ. ಒಂದು ವ್ಯತ್ಯಾಸವಂತೂ ಉಂಟು. ಅಮೆರಿಕನ್ನರು ಕಾಡಿನ ಮನುಷ್ಯನನ್ನು ಲೆಕ್ಕಕ್ಕೆ ತೆಗೆದುಕೊಂಡು ಆಯುಧವನ್ನು ತಿದ್ದಿದರು; ಮಂಜರಾಬಾದಿನ ನಕ್ಷೆಯನ್ನು ಎಳೆದವರು ಅವನನ್ನು ಲೆಕ್ಕಕ್ಕೇ ತೆಗೆದುಕೊಳ್ಳಲಿಲ್ಲ.

ನಮ್ಮ ವಿದ್ಯಾರ್ಥಿಯ ಪ್ರಶ್ನೆಗೆ ಈಗ ಉತ್ತರ ಹೇಳಬಹುದೆಂದು ತೋರುತ್ತದೆ. ಆ ಕಿಂಡಿಯಿಂದ ಗುರಿಯಿಟ್ಟುದು ಬಾರದೆಹೋದ ಒಬ್ಬ ಶತ್ರುವಿಗೆ; ಫಿರಂಗಿಯೊಡನೆ ಘಟ್ಟವೇರಿ ಬಂದು, ಶಾಸ್ತ್ರೋಕ್ತವಾಗಿ ಮುತ್ತಿಗೆ ಹಾಕಬೇಕಾಗಿದ್ದ ಶತ್ರುವಿಗೆ. ಗುಡ್ಡದ ಬುಡದಲ್ಲಿಯೇ ಗದ್ದೆ ಉಳುತ್ತ, ಕಾಡಿನಲ್ಲಿ ಕೋವಿಯನ್ನು ಅಡಗಿಸಿಟ್ಟುಕೊಂಡಿದ್ದವನ ಕಡೆಗೆ ಎಂಟು ಮೊನೆಗಳಲ್ಲಿ ಒಂದೂ ತಿರುಗಿರಲಿಲ್ಲ. ಅವನನ್ನು ಗುರಿಯಾಗಿ ಕಂಡಿರಲಿಲ್ಲವೆಂಬುದಲ್ಲ ನಮ್ಮ ಆಕ್ಷೇಪ, ಬಂಟನಾಗಿಯೂ ಕಂಡಿರಲಿಲ್ಲ. ಸುಲ್ತಾನನಿಗೂ ಐಗೂರಿಗೂ ನಡುವೆ ನಂಬಿಕೆಯಿದ್ದಿದ್ದರೆ ಅರೆಕೆರೆಯ ಬಿದಿರುಬೇಲಿಯೂ ಮಂಜರಾಬಾದಿನ ಕಲ್ಲುಗೋಡೆಯೂ ಒಂದೇ ಪಕ್ಷದಲ್ಲಿ ನಿಲ್ಲುತ್ತಿದ್ದುವು. ಹಾಗಾಗಲಿಲ್ಲ. ಒಂದಾದ ಮೇಲೊಂದರಂತೆ, ಬೇರೆ ಬೇರೆ ವರ್ಷಗಳಲ್ಲಿ, ಎರಡೂ ಒಬ್ಬನೇ ವೈರಿಯ ವಶವಾದುವು.

ಆ ದಿನ ಮಧ್ಯಾಹ್ನದ ವೇಳೆಗೆ ಮಂಜು ಹರಿಯಿತು. ಕಿಂಡಿಯಲ್ಲಿ ಮೊದಲು ಕಂದಕ, ಆಮೇಲೆ ಇಳಿಜಾರಿನ ಹುಲ್ಲು, ಅದರಾಚೆ ಕಾಫಿಯ ತೋಟಗಳು, ಮಂಗಳೂರಿಗೆ ಇಳಿಯುವ ಲಾರಿಗಳ ಸಾಲು ಒಂದೊಂದಾಗಿ ಮೂಡಿಬಂದುವು. ಹುಡುಗರು ಮದ್ದಿನ ಮನೆಯೊಳಗೆ ಕೂಗಿ ತಮ್ಮ ದನಿಯ ಮರುದನಿಯನ್ನು ಕೇಳಿಸಿಕೊಂಡು ನಗುತ್ತಿದ್ದರು. ಒಳಗೆ ಕೈಯಿಟ್ಟು ನೋಡಿದೆವು, ಗೋಡೆಯು ತೇವವಾಗಿತ್ತು.